ಊರಲ್ಲೇ ನುಡಿಸಿಕೊಂಡಿರುವ ಸ್ಟೀಲ್ ಗಿಟಾರ್‌ನವರಿಂದ ನಿಮಗೇನು ಸಿಕ್ಕಿತು? ಅನುಭವ ಹೇಳಿ

ಹೊಸಬಾರ್:
ಆರು ತಂತಿಯ ಲ್ಯಾಪ್ ಸ್ಟೀಲ್ ಕಲಿಯುತ್ತಿದ್ದೇನೆ, ಅಂದರೆ ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ‘ಬಾರ್’ ಎಂಬ ಲೋಹದ ತುಂಡು ಜಾರಿಸಿ ನುಡಿಸುವ ಸ್ಟೀಲ್ ಗಿಟಾರ್. ಸಿ6 ಟ್ಯೂನಿಂಗ್, ಅಂದರೆ ತಂತಿಗಳ ಶ್ರುತಿ ಸಿ6 ಎಂಬ ಕಾರ್ಡ್‌ಗೆ (ಸ್ವರಗುಚ್ಛಕ್ಕೆ). ಎಲ್ಲರೂ ಹೇಳುವ ಹೆಸರುಗಳನ್ನು ಕೇಳಿ ಆಯಿತು: ಸೋಲ್ ಹೂಪಿಯಿ, ಜೆರ್ರಿ ಬರ್ಡ್, ಬಡ್ಡಿ ಎಮನ್ಸ್. ಕೇಳಿದಷ್ಟೂ ನನ್ನ ಕೈ ಕಟ್ಟಿಹೋಗುತ್ತದೆ. ಇದು ನಮ್ಮಿಂದಾಗದ ಕೆಲಸ ಅನಿಸುತ್ತದೆ. ಹೆಸರು ಮಾಡದೆ ತಮ್ಮ ಪಾಡಿಗೆ ನುಡಿಸಿಕೊಂಡಿರುವ ಯಾರಿಂದಲಾದರೂ ನಿಮಗೆ ಹುರುಪು ಬಂದಿದೆಯಾ? ಅಂಥವರಿಂದ ಏನು ಕಲಿತಿರಿ? ಅವರನ್ನು ಹುಡುಕುವುದು ಹೇಗೆ?

ಪೆಡಲ್‌ಪಾದ:
ನನಗೆ ಹುರುಪು ಕೊಟ್ಟವರು ಡಾನ್ಸ್ ಬ್ಯಾಂಡ್ ಒಂದರಲ್ಲಿ ಡ್ರಮ್ಮರ್ ಪಕ್ಕ ಕೂರುತ್ತಿದ್ದ ಒಬ್ಬರು. ಹಗಲು ಬೇರೆ ಕೆಲಸ, ವಾರದ ಕೊನೆಗೆ ಪೆಡಲ್ ಸ್ಟೀಲ್ (ಪೆಡಲ್, ಲಿವರ್ ಒತ್ತಿ ತಂತಿಯ ಸ್ವರ ಬದಲಿಸುವ ಸ್ಟೀಲ್ ಗಿಟಾರ್). ಅವರ ಒಂದು ರೆಕಾರ್ಡಿಂಗ್ ಕೂಡ ಎಲ್ಲೂ ಇಲ್ಲ. ಇ9 ಟ್ಯೂನಿಂಗ್ ಇರುವ ಪೆಡಲ್ ಸ್ಟೀಲ್ ಅಂದರೆ ಹತ್ತು ತಂತಿ, ಸಾಮಾನ್ಯವಾಗಿ ಮೂರು ಪೆಡಲ್, ನಾಲ್ಕೋ ಐದೋ ಮೊಣಕಾಲು ಲಿವರ್. ಅದರಲ್ಲಿ ಅವರು ಹೆಚ್ಚಿನ ಹಾಡುಗಳನ್ನು ಎ, ಬಿ ಎರಡೇ ಪೆಡಲ್‌ನಲ್ಲಿ ಮುಗಿಸುತ್ತಿದ್ದರು. ಬಾರ್ ಇದ್ದಲ್ಲೇ ಇಟ್ಟು ಆ ಎರಡನ್ನೂ ಒತ್ತಿದರೆ ಒಂದನೇ ಕಾರ್ಡ್ ನಾಲ್ಕನೆಯದಾಗುತ್ತದೆ (ಸಿ ಇದ್ದದ್ದು ಎಫ್), ಅದು ಪುಸ್ತಕದಲ್ಲೂ ಇದೆ. ಪುಸ್ತಕದಲ್ಲಿ ಇಲ್ಲದ್ದು ಅವರ ಕಾಲು ಎಷ್ಟು ನಿಧಾನಕ್ಕೆ ಇಳಿಯುತ್ತಿತ್ತು ಅನ್ನೋದು. ಹಾಡು ನಿಧಾನ ಇದ್ದರೆ ಪೆಡಲ್ ಸಹ ಬೀಟ್‌ನ ಮುಕ್ಕಾಲು ಭಾಗ ತೆಗೆದುಕೊಂಡು ಇಳಿಯುತ್ತಿತ್ತು, ಸ್ವರ ಬಗ್ಗುವುದು ಕಿವಿಗೆ ಪೂರ್ತಿ ಸಿಗುತ್ತಿತ್ತು.

ಇನ್ನೊಂದು. ಹಾಡುವವರು ಬಾಯಿ ತೆರೆದರೆ ಇವರು ಸುಮ್ಮನಾಗುತ್ತಿದ್ದರು. ಸಾಲು ಮುಗಿದು ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಎರಡು ಸ್ವರ. ಸದ್ದು ಏರಿಳಿಸುವ ವಾಲ್ಯೂಮ್ ಪೆಡಲ್ ಪೂರ್ತಿ ಕೆಳಗೆ ಹೋದದ್ದನ್ನು ನಾನು ನೋಡಲೇ ಇಲ್ಲ. ತಂತಿ ಮೀಟಿದಾಗ ಅರ್ಧದಷ್ಟೇ ಇಟ್ಟು, ಸದ್ದು ಸಾಯತೊಡಗಿದ ಹಾಗೆ ಪಾದ ಒತ್ತುತ್ತಾ ಅದನ್ನು ಎಳೆದುಕೊಂಡು ಹೋಗುತ್ತಿದ್ದರು. ಇದನ್ನು ಆಲ್ಬಂ ಕೇಳಿ ಕಲಿಯೋದು ಕಷ್ಟ, ಕಾಲು ಕಾಣಬೇಕು. ಹತ್ತಿರದವರಿಂದ ಆಗುವ ದೊಡ್ಡ ಲಾಭ ಅದೇ ಅಂತ ನನ್ನ ಅಭಿಪ್ರಾಯ.

ಹಳೇಡಾಬ್ರೋ:
ಹೊಸಬಾರ್ ಅವರೇ, ನೀವು ಹೇಳಿದ ಜೆರ್ರಿ ಬರ್ಡ್ ಅವರನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು 1920ರಲ್ಲಿ, ಅಮೆರಿಕದ ಒಹಾಯೋ ರಾಜ್ಯದಲ್ಲಿ. ಈ ವಾದ್ಯ ಹುಟ್ಟಿದ ಹವಾಯಿಗೂ ಆ ಮನೆಗೂ ಏನೂ ಸಂಬಂಧ ಇಲ್ಲ. ಹುಡುಗನಾಗಿದ್ದಾಗ ಊರಿಗೆ ಡೇರೆ ಹಾಕಿಕೊಂಡು ಬಂದ ಹವಾಯಿ ತಂಡವೊಂದನ್ನು ನೋಡಿದ್ದೇ ಅವರ ಸ್ಟೀಲ್ ಗಿಟಾರ್ ಹುಚ್ಚಿಗೆ ಕಾರಣ. ಆ ಡೇರೆಯಲ್ಲಿ ನುಡಿಸಿದವರ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು? ಬರ್ಡ್ ಮಾತ್ರ ಮುಂದೆ ಕಂಟ್ರಿ ಸಂಗೀತದ ಊರಾದ ನ್ಯಾಶ್‌ವಿಲ್ ಬಿಟ್ಟು 1972ರಲ್ಲಿ ಹವಾಯಿಗೇ ಹೋಗಿ ನೆಲೆಸಿ, ಅಲ್ಲಿನ ಹುಡುಗರಿಗೆ ಅವರದೇ ವಾದ್ಯವನ್ನು ಕಲಿಸಿದರು. ದೊಡ್ಡವರ ಹಿಂದೆಯೂ ಇಂಥ ಒಬ್ಬರು ಇದ್ದೇ ಇರುತ್ತಾರೆ ನೋಡಿ.

ಹವಾಯಿಯ ಸ್ಟೀಲ್ ವಾದಕ ಟಾವ್ ಮೋಯ್ ಅವರ ಕಥೆ ನನಗೆ ಇನ್ನೂ ಇಷ್ಟ. ಅವರ ಕುಟುಂಬ ದಶಕಗಟ್ಟಲೆ ದೇಶ ದೇಶ ಸುತ್ತಿ ನುಡಿಸಿತು, 1940ರ ದಶಕದಲ್ಲಿ ಕೆಲವು ವರ್ಷ ಕೋಲ್ಕತ್ತದಲ್ಲೂ ಇತ್ತು. ಆ ನಗರದಲ್ಲಿ ಹವಾಯನ್ ಗಿಟಾರ್ (ಸ್ಟೀಲ್ ಗಿಟಾರ್‌ನದೇ ಇನ್ನೊಂದು ಹೆಸರು) ಬೇರು ಬಿಟ್ಟದ್ದರಲ್ಲಿ ಇಂಥ ಅಲೆಮಾರಿ ಕಲಾವಿದರ ಪಾಲು ದೊಡ್ಡದು. ಬಾಬ್ ಬ್ರಾಜ್‌ಮನ್ ಎಂಬ ಅಮೆರಿಕದ ವಾದಕರು 1929ರ ಕೆಲವು ಹಳೇ ರೆಕಾರ್ಡುಗಳನ್ನು ಕೇಳಿ ಕೇಳಿ ಆ ಶೈಲಿ ಕಲಿತಿದ್ದರು. ಒಂದು ದಿನ ಬ್ರಾಜ್‌ಮನ್ ಅವರ ಆಲ್ಬಂ ಬೇಕು ಅಂತ ಹವಾಯಿಯಿಂದ ಒಂದು ಕಾಗದ ಬಂತು. ಬರೆದವರು ಟಾವ್ ಮೋಯ್, ಆ ಹಳೇ ರೆಕಾರ್ಡುಗಳಲ್ಲಿ ನುಡಿಸಿದ್ದವರೇ! ಆಮೇಲೆ ಇಬ್ಬರೂ ಸೇರಿ ಹೊಸದಾಗಿ ರೆಕಾರ್ಡ್ ಮಾಡಿದರು, ಕುಟುಂಬದವರ ಹಾಡಿನ ಜೊತೆ. ಅದಕ್ಕೇ ಹಳೇ ರೆಕಾರ್ಡಿನಲ್ಲಿ ಯಾರದೋ ಕೈ ಇಷ್ಟವಾದರೆ ಆ ಹೆಸರು ಹಿಡಿದು ಹುಡುಕಿ.

ಎಂಟುತಂತಿ:
ನನ್ನ ಉತ್ತರ ಸೇಕ್ರೆಡ್ ಸ್ಟೀಲ್. ಅಮೆರಿಕದ ಕಪ್ಪು ಜನರ ಹೌಸ್ ಆಫ್ ಗಾಡ್ ಚರ್ಚುಗಳಲ್ಲಿ 1930ರ ದಶಕದಿಂದ ಸ್ಟೀಲ್ ಗಿಟಾರ್ ನುಡಿಸುತ್ತಾ ಬಂದಿದ್ದಾರೆ. ಟ್ರೋಮನ್ ಈಸನ್ ಮೊದಲು ಹವಾಯಿಯ ಒಬ್ಬರಿಂದ ಕಲಿತರು. ಅವರ ತಮ್ಮ ವಿಲ್ಲಿ ಈಸನ್ ಆ ಹವಾಯಿ ಧಾಟಿಯನ್ನು ಬಿಟ್ಟರು. ಪ್ರಾರ್ಥನೆಯಲ್ಲಿ ಹಾಡುವವರ ಕೂಗು, ನರಳಾಟ, ಮಾತಿನ ಏರಿಳಿತ ಎಲ್ಲವನ್ನೂ ಒಂದೇ ತಂತಿಯ ಮೇಲೆ ತರತೊಡಗಿದರು. ಚರ್ಚಿನ ಹೊರಗೆ ಇದು ಹೆಚ್ಚಿನವರಿಗೆ ಗೊತ್ತಾಗಿದ್ದು 1990ರ ದಶಕದಲ್ಲಿ, ಅದೂ ರಾಬರ್ಟ್ ಸ್ಟೋನ್ ಎಂಬ ಜಾನಪದ ಸಂಶೋಧಕರು ಫ್ಲಾರಿಡಾದ ವಾದಕರನ್ನು ರೆಕಾರ್ಡ್ ಮಾಡಿದ ಮೇಲೆ. ಅಂದರೆ ಅರ್ಧ ಶತಮಾನಕ್ಕೂ ಜಾಸ್ತಿ ಕಾಲ ಒಂದು ಇಡೀ ಪರಂಪರೆ ಪಕ್ಕದ ಬೀದಿಯವರಿಗೂ ಗೊತ್ತಿಲ್ಲದೆ ಬೆಳೆದಿದೆ! ಇವತ್ತು ದೊಡ್ಡ ವೇದಿಕೆಗಳಲ್ಲಿ ನುಡಿಸುವ ರಾಬರ್ಟ್ ರ್‍ಯಾಂಡಾಲ್ಫ್ ಸಹ ಅಲ್ಲಿಂದಲೇ ಬಂದವರು. ಅವರನ್ನು ಕೇಳಿ, ಆದರೆ ಅಲ್ಲೇ ನಿಲ್ಲಬೇಡಿ. ಹೆನ್ರಿ ನೆಲ್ಸನ್, ಕ್ಯಾಲ್ವಿನ್ ಕುಕ್, ಆಬ್ರಿ ಘೆಂಟ್ ಇವರನ್ನೂ ಕೇಳಿ.

ಇದರಿಂದ ನಾನು ತೆಗೆದುಕೊಂಡ ಅಭ್ಯಾಸ ಸುಲಭದ್ದು. ಗೊತ್ತಿರುವ ಹಾಡಿನ ಒಂದು ಸಾಲನ್ನು ಬಾಯಲ್ಲಿ ಹಾಡಿ, ಅದನ್ನೇ ಒಂದೇ ತಂತಿಯಲ್ಲಿ ನುಡಿಸಿ. ಕಾರ್ಡ್ ಬೇಡ, ಎರಡನೇ ತಂತಿ ಬೇಡ. ಪದ ಎಲ್ಲಿ ಶುರುವಾಗುತ್ತದೋ ಅಲ್ಲಿ ಮಾತ್ರ ಮೀಟು, ಉಳಿದದ್ದೆಲ್ಲ ಬಾರ್ ಜಾರಿಸಿ. ಆಮೇಲೆ ಗೊತ್ತಾಗುತ್ತದೆ ನಾವು ಎಷ್ಟು ಅನಗತ್ಯವಾಗಿ ಮೀಟುತ್ತೇವೆ ಅಂತ.

ರಾಗದಕೈ:
ನಮ್ಮ ಕಡೆಯ ಒಂದು ಮಾತು ಸೇರಿಸುತ್ತೇನೆ. 1967ರ ‘ಕಾಲ್ ಆಫ್ ದ ವ್ಯಾಲಿ’ ಆಲ್ಬಂ ಅಂದರೆ ಜನ ತಕ್ಷಣ ಸಂತೂರ್ ಶಿವಕುಮಾರ್ ಶರ್ಮಾ, ಕೊಳಲು ಹರಿಪ್ರಸಾದ್ ಚೌರಾಸಿಯಾ ಅನ್ನುತ್ತಾರೆ. ಅದರಲ್ಲಿ ಗಿಟಾರ್ ನುಡಿಸಿದ ಬ್ರಿಜ್ ಭೂಷಣ್ ಕಾಬ್ರಾ ಅವರ ಹೆಸರು ಮೂರನೆಯದಾಗಿ ಬಂದರೆ ಪುಣ್ಯ. ಹವಾಯನ್ ಗಿಟಾರನ್ನು ತೊಡೆಯ ಮೇಲಿಟ್ಟು, ತಂತಿಗಳನ್ನು ಬದಲಿಸಿಕೊಂಡು, ಅದರಲ್ಲಿ ಪೂರ್ತಿ ರಾಗ ನುಡಿಸಬಹುದು ಅಂತ ತೋರಿಸಿದವರಲ್ಲಿ ಅವರು ಮೊದಲಿಗರು. ಈಗಿನ ಸ್ಲೈಡ್ ಗಿಟಾರ್ ವಾದಕ ದೇಬಾಶಿಶ್ ಭಟ್ಟಾಚಾರ್ಯ ಕಾಬ್ರಾ ಅವರ ಶಿಷ್ಯರೇ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಹೇಗೆ ಎಳೆಯಬೇಕು, ಬಾರ್ ಸ್ವರಕ್ಕೆ ಎಲ್ಲಿಂದ ಬಂದು ಸೇರಬೇಕು ಅನ್ನೋದಕ್ಕೆ ಕಾಬ್ರಾ ಅವರ ಆಲಾಪ ಕೇಳಿ. ಸಿ6ನವರಿಗೂ ಉಪಯೋಗ.

ನೇರಮಾತು:
ಎಲ್ಲರೂ ಹೊಗಳುತ್ತಿದ್ದೀರಿ, ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಹೆಸರಿಲ್ಲದವರೆಲ್ಲ ಬಚ್ಚಿಟ್ಟ ರತ್ನಗಳಲ್ಲ. ನನಗೆ ಗೊತ್ತಿದ್ದ ಒಬ್ಬರು ಪ್ರತಿ ಸ್ವರವನ್ನೂ ಶ್ರುತಿಗಿಂತ ಕೂದಲೆಳೆಯಷ್ಟು ಮೇಲೆ ಹಿಡಿದು, ಅದನ್ನು ಮುಚ್ಚಲು ಅಗಲವಾದ ವೈಬ್ರಾಟೋ (ಬಾರ್ ಅಲುಗಿಸಿ ಸ್ವರ ನಡುಗಿಸುವುದು) ಹಾಕುತ್ತಿದ್ದರು. ಅವರ ಜೊತೆ ಜಾಸ್ತಿ ಕೂತವರಿಗೆಲ್ಲ ಅದೇ ಚಟ ಹತ್ತಿತು. ಹಾಗಾಗಿ ಮೊದಲು ಶ್ರುತಿ ನೋಡಿ. ತಂಬೂರಿಯಂತೆ ಒಂದೇ ಸ್ವರ ನಿಲ್ಲುವ ಡ್ರೋನ್ ಹಾಕಿಕೊಂಡು, ವೈಬ್ರಾಟೋ ಇಲ್ಲದೆ, ಸ್ವರದ ಜಾಗ ತೋರಿಸುವ ಫ್ರೆಟ್ ಗೆರೆಯ ನೇರ ಮೇಲಿಂದ ನೋಡುತ್ತಾ ನೀವೇ ನುಡಿಸಿ, ನಿಮ್ಮ ಕಿವಿ ಸರಿಯಾಗಲಿ. ಓರೆಯಾಗಿ ನೋಡಿದರೆ ಬಾರ್ ಗೆರೆಯ ಮೇಲೇ ಇದ್ದಂತೆ ಕಂಡರೂ ಇರುವುದಿಲ್ಲ. ಆಮೇಲೆ ಬೇರೆಯವರ ಹತ್ತಿರ ಹೋಗಿ.

ಒಬ್ಬರಿಂದ ಒಂದೇ ವಿಷಯ ತೆಗೆದುಕೊಳ್ಳಿ. ಅವರ ಬ್ಲಾಕಿಂಗ್ (ಬೇಡದ ತಂತಿಯ ಸದ್ದು ನಿಲ್ಲಿಸುವುದು) ಚೆನ್ನಾಗಿದ್ದರೆ ಅಷ್ಟೇ ಸಾಕು.

ಹೊಸಬಾರ್:
ತುಂಬಾ ಥ್ಯಾಂಕ್ಸ್. ನನಗೆ ಪರಿಚಯ ಇರುವ ಬ್ಯಾಂಡ್‌ನಲ್ಲಿ ಒಬ್ಬ ಹಿರಿಯರು ಲ್ಯಾಪ್ ಸ್ಟೀಲ್ ನುಡಿಸುತ್ತಾರಂತೆ. ಹೋಗಿ ಏನಂತ ಕೇಳಲಿ? ಸುಮ್ನೆ ‘ಕಲಿಸಿ’ ಅಂದರೆ ಹೆದರಿಬಿಡುತ್ತಾರೇನೋ.

ಪೆಡಲ್‌ಪಾದ:
‘ಕಲಿಸಿ’ ಅನ್ನಬೇಡಿ. ‘ರಿಹರ್ಸಲ್‌ಗೆ ಬಂದು ಒಂದು ಮೂಲೆಯಲ್ಲಿ ಕೂರಬಹುದಾ ಸರ್’ ಅಂತ ಕೇಳಿ. ಹೆಚ್ಚಿನವರು ಬೇಡ ಅನ್ನುವುದಿಲ್ಲ. ಸ್ಟೀಲ್ ನುಡಿಸುವವರ ಬಳಿ ಬಂದು ಪ್ರಶ್ನೆ ಕೇಳುವವರೇ ಕಡಿಮೆ ಅಲ್ವಾ, ಒಮ್ಮೆ ಶುರುವಾದರೆ ನಿಲ್ಲಿಸುವುದೇ ಕಷ್ಟ. ಮುಂದೆ ಕೂರಬೇಡಿ, ಅವರ ಭುಜದ ಹಿಂದೆ ಜಾಗ ಹಿಡಿಯಿರಿ. ಆಗ ಬಾರ್ ಅವರಿಗೆ ಕಾಣುವ ಹಾಗೆಯೇ ನಿಮಗೂ ಕಾಣುತ್ತದೆ. ಮೊದಲು ಟ್ಯೂನಿಂಗ್ ಕೇಳಿಕೊಳ್ಳಿ. ಹಳಬರಲ್ಲಿ ಬಹಳ ಜನ ಎ6 ಅಥವಾ ತಮ್ಮದೇ ಏನೋ ಇಟ್ಟಿರುತ್ತಾರೆ. ಅದು ಗೊತ್ತಿಲ್ಲದಿದ್ದರೆ ನೋಡಿದ್ದೆಲ್ಲ ಮನೆಗೆ ಬಂದ ಮೇಲೆ ಹೊಂದುವುದಿಲ್ಲ.

ಎಂಟುತಂತಿ:
ಬಾರ್‌ನ ಹಿಂದೆ ಅವರ ಎಡಗೈಯ ಉಂಗುರ ಬೆರಳು, ಕಿರುಬೆರಳು ಏನು ಮಾಡುತ್ತವೆ ನೋಡಿ. ತಂತಿಗೆ ತಾಗಿಸಿಕೊಂಡೇ ಎಳೆದರೆ ಹಿಂದಿನ ಗಲಾಟೆ ಸದ್ದು ಇರುವುದಿಲ್ಲ. ಬಲಗೈಯಲ್ಲಿ ಅಂಗೈ ಅಂಚಿನಿಂದ ತಂತಿ ನಿಲ್ಲಿಸುತ್ತಾರೋ, ಬೆರಳಿಗೆ ಹಾಕಿ ಮೀಟುವ ಪಿಕ್ ವಾಪಸ್ ತಾಗಿಸಿ ನಿಲ್ಲಿಸುತ್ತಾರೋ ಅದನ್ನೂ ಗಮನಿಸಿ. ಫೋನಿನಲ್ಲಿ ವಿಡಿಯೋ ತೆಗೆಯುವುದಾದರೆ ಕೇಳಿಯೇ ತೆಗೆಯಿರಿ, ಮುಖ ಬೇಡ, ಎರಡು ಕೈ ಮಾತ್ರ. ಅವರು ಒಪ್ಪದೆ ಎಲ್ಲೂ ಹಾಕಬೇಡಿ.

ಹೊಸಬಾರ್:
ಸರಿ, ಈ ವಾರವೇ ಫೋನ್ ಮಾಡುತ್ತೇನೆ. ಅವರ ಟ್ಯೂನಿಂಗ್ ಬೇರೆ ಇದ್ದರೆ ನನ್ನ ತಂತಿ ಸೆಟ್ಟೇ ಬದಲಿಸಬೇಕಾ?

ಹಳೇಡಾಬ್ರೋ:
ಸಿ6ನಿಂದ ಎ6 ಆದರೆ ತಂತಿಗಳ ದಪ್ಪ ನೋಡಿಕೊಳ್ಳಿ. ಕೆಲವು ತಂತಿ ತೀರಾ ಸಡಿಲ ಆಗಬಹುದು, ಕೆಲವು ಬಿಗಿಯಾಗಿ ತುಂಡಾಗಬಹುದು. ಅವರು ಯಾವ ದಪ್ಪ ಹಾಕಿದ್ದಾರೆ ಅಂತ ಆರೂ ತಂತಿಗೂ ಕೇಳಿ ಬರೆದುಕೊಂಡು ಬನ್ನಿ, ಆಮೇಲೆ ತೀರ್ಮಾನ ಮಾಡೋಣ.