ಚಹಾದಂಗಡಿಯ ಪ್ರತ್ಯೇಕ ಲೋಟಗಳನ್ನು ತೆಗೆಸುವುದು ಹೇಗೆ?

ಪ್ರಶ್ನೆ (ಕಲಬುರಗಿ ಜಿಲ್ಲೆ): ನಮ್ಮ ಊರಿನ ಚಹಾದಂಗಡಿಯಲ್ಲಿ ಕೆಲವರಿಗೆ ಇಂದಿಗೂ ಪ್ರತ್ಯೇಕ ಲೋಟಗಳನ್ನು ಇಡುತ್ತಾರೆ. ಜಗಳಕ್ಕೆ ಎಡೆಗೊಡದೆ ಇದನ್ನು ನಿಲ್ಲಿಸಲು ಸಾಮಾನ್ಯ ನಾಗರಿಕನೊಬ್ಬ ಏನು ಮಾಡಬಹುದು?

ಉತ್ತರ (ಯಾದಗಿರಿ): ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ, ಹೋಟೆಲಿನ ಪಾತ್ರೆಗಳ ಬಳಕೆಯಲ್ಲಿ ಇಂತಹ ಭೇದ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಆದರೆ ದೂರು ಕೊಡುವ ಭಾರವನ್ನು, ಕೂಲಿಗಾಗಿ ಅದೇ ಊರಿನ ಜಮೀನುಗಳನ್ನು ನಂಬಿರುವ ಕುಟುಂಬಗಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಅಂಗಡಿಯ ವ್ಯಾಪಾರ ಯಾರಿಂದ ನಡೆಯುತ್ತದೆಯೋ ಆ ಗಿರಾಕಿಗಳು, ಎಲ್ಲರಿಗೂ ಒಂದೇ ಬಗೆಯ ಲೋಟ ಇಡುವವರೆಗೆ ತಾವು ಅಲ್ಲಿ ಚಹಾ ಕುಡಿಯುವುದಿಲ್ಲವೆಂದು ಮಾಲೀಕನಿಗೆ ಮೊದಲು ತಿಳಿಸಲಿ.

ಉತ್ತರ (ಬೀದರ್): ಕಾಗದದ ಲೋಟ ತಂದರೆ ಸಮಸ್ಯೆ ಮುಗಿಯಿತೆನ್ನುವವರನ್ನು ನಾನು ಒಪ್ಪುವುದಿಲ್ಲ. ಬೆಂಚಿನ ಮೇಲೆ ಯಾರು ಕೂರುತ್ತಾರೆ, ಯಾರು ಹೊರಗೆ ನಿಂತೇ ಕುಡಿಯುತ್ತಾರೆ ಎಂಬುದನ್ನೂ ಗಮನಿಸಿ. ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತುವುದಾದರೆ ಸಮಯವೂ ಮುಖ್ಯ: ತೊಗರಿ ರಾಶಿಯ ದಿನಗಳಲ್ಲಿ ಹಗಲು ಸಭೆ ಕರೆದರೆ ಕೂಲಿಗೆ ಹೋದ ಹೆಣ್ಣುಮಕ್ಕಳು ಬರಲಾರರು, ಮೆಟ್ಟಿಲುಗಳಿರುವ ಕಟ್ಟೆಯ ಮೇಲೆ ಕರೆದರೆ ಅಂಗವಿಕಲರು ಏರಲಾರರು.

ಪ್ರಶ್ನೆ ಕೇಳಿದವರು: ಬೆಂಚಿನ ಮಾತು ಸರಿಯಾಗಿದೆ, ನಮ್ಮಲ್ಲಿಯೂ ಹಾಗೆಯೇ ಇದೆ. ಸಭೆಯನ್ನು ಸಂಜೆ, ಶಾಲೆಯ ಅಂಗಳದಲ್ಲಿ ಕರೆಯುವಂತೆ ಪಂಚಾಯಿತಿಗೆ ಅರ್ಜಿ ಬರೆಯುತ್ತೇನೆ.