ಫಂಕ್ಷನ್ ಹಾಲ್ ಲೈಟಿಗೆ ವಿಡಿಯೋದಲ್ಲಿ ಪಟ್ಟಿ ಬರುತ್ತಿವೆ, ಶಟರ್ ಎಷ್ಟಿಡಬೇಕು?

ಕಲಬುರಗಿಯಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಹೊಸದಾಗಿ ಮದುವೆ ವಿಡಿಯೋ ಮಾಡುತ್ತಿದ್ದೇನೆ. ಬೆಳಿಗ್ಗೆ ಅಂಗಳದಲ್ಲಿ ಅರಿಶಿನ ಶಾಸ್ತ್ರ ಚೆನ್ನಾಗಿ ಬಂತು, ಆದರೆ ಹಾಲ್ ಒಳಗೆ ಅಕ್ಷತೆ ಹೊತ್ತಿಗೆ ತೆಗೆದದ್ದರಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಸರಿಯುತ್ತಿವೆ. ಕ್ಯಾಮೆರಾ ನಮ್ಮ ಮಾವ ಅಮೆರಿಕದಿಂದ ತಂದದ್ದು. ಸೆಕೆಂಡಿಗೆ 30 ಫ್ರೇಮ್, ಶಟರ್ 1/60 ಸೆಕೆಂಡ್. 1/500ರಲ್ಲಿ ತೆಗೆದ ಫೋಟೋಗಳೂ ಒಂದು ಬೆಳ್ಳಗೆ, ಒಂದು ಮಂಕು. ಮುಂದಿನ ಮದುವೆ ಹತ್ತಿರ ಬಂದಿದೆ, ಯಾರಾದರೂ ದಾರಿ ಹೇಳಿ.

ಬೀದರ್‌ನಿಂದ:
ಅಣ್ಣ, ಕ್ಯಾಮೆರಾ ಕೆಟ್ಟಿಲ್ಲ. ಅಮೆರಿಕದ ಕರೆಂಟು 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಸುತ್ತು, ನಮ್ಮದು 50. ನಮ್ಮ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸುತ್ತಿಗೆ ಎರಡರಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ ಅಷ್ಟೇ. ಶಟರ್ 1/100 ಇಟ್ಟರೆ ಸರಿಯಾಗಿ ಒಂದು ಮಿನುಗು ಒಳಗೆ ಬರುತ್ತದೆ, 1/50 ಇಟ್ಟರೆ ಎರಡು. 1/60ರಲ್ಲಿ ಒಂದೂವರೆಗಿಂತ ಸ್ವಲ್ಪ ಜಾಸ್ತಿ ಬರುತ್ತದೆ, ಆ ಅರೆಬರೆ ಮಿನುಗೇ ಪಟ್ಟಿಯಾಗಿ ಕಾಣುವುದು. ಮೆನುವಿನಲ್ಲಿ ಪಾಲ್ (PAL, ನಮ್ಮಂಥ 50 ಹರ್ಟ್ಜ್ ದೇಶಗಳ ವಿಡಿಯೋ ಪದ್ಧತಿ) ಇದ್ದರೆ ಅದಕ್ಕೆ ಬದಲಿಸಿ 25 ಫ್ರೇಮ್ ಇಡಿ, ಇಲ್ಲದಿದ್ದರೆ 30 ಫ್ರೇಮ್‌ನಲ್ಲೇ ಶಟರ್ 1/50 ಮಾಡಿದರೂ ನಡೆಯುತ್ತದೆ, ಇಲ್ಲಿ ಮುಖ್ಯ ಶಟರೇ. ಫೋಟೋಗೂ 1/100ಕ್ಕಿಂತ ವೇಗದ ಶಟರ್ ಇಡಬೇಡಿ. ಆ್ಯಂಟಿ ಫ್ಲಿಕರ್ ಶೂಟಿಂಗ್ ಇದ್ದರೆ ಆನ್ ಮಾಡಿ, ಬೆಳಕು ಜಾಸ್ತಿ ಇರುವ ಕ್ಷಣ ನೋಡಿ ಕ್ಲಿಕ್ ಆಗುತ್ತದೆ.

ಯಾದಗಿರಿಯಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ಬೇಸಿಗೆ ಮದುವೆ ಅಂದ್ರೆ ಜನರೇಟರ್ ಇದ್ದೇ ಇರುತ್ತದೆ ಅಲ್ವಾ? ಕೂಲರ್‌ಗಳೆಲ್ಲ ಒಮ್ಮೆಗೇ ಶುರುವಾದಾಗ ಇಂಜಿನ್ ವೇಗ ಇಳಿಯುತ್ತದೆ, ಹರ್ಟ್ಜೂ 50ರಿಂದ ಸರಿಯುತ್ತದೆ. ಆಗ 1/100ಕ್ಕಿಂತ 1/50 ವಾಸಿ, ಪಟ್ಟಿ ಬಂದರೂ ತೆಳ್ಳಗೆ ಬರುತ್ತದೆ. ಸ್ಲೋ ಮೋಷನ್ 120 ಫ್ರೇಮ್‌ನಲ್ಲಿ ಶಟರ್ 1/120ಕ್ಕಿಂತ ನಿಧಾನ ಇಡಲು ಬರುವುದಿಲ್ಲ, ಹಾಗಾಗಿ ಹಾಲ್ ಒಳಗೆ ಅದನ್ನು ಬಿಟ್ಟುಬಿಡಿ, ಅಥವಾ 100 ಫ್ರೇಮ್ ಸಿಕ್ಕರೆ 1/100 ಇಡಿ.

ಪ್ರಶ್ನೆ ಕೇಳಿದವರು:
ಅಣ್ಣಂದಿರಾ, ತುಂಬಾ ಉಪಕಾರ ಆಯ್ತು. ಸಾಯಂಕಾಲ ಅದೇ ಹಾಲ್‌ಗೆ ಹೋಗಿ 1/50 ಇಟ್ಟು ನೋಡಿದೆ, ಟ್ಯೂಬ್‌ಲೈಟ್ ಕೆಳಗೆ ಒಂದು ಪಟ್ಟಿಯೂ ಇಲ್ಲ! ಸ್ಟೇಜ್ ಹಿಂದಿನ ಬಣ್ಣದ ಎಲ್‌ಇಡಿಯಲ್ಲಿ ಮಾತ್ರ ಸಣ್ಣ ಸಣ್ಣ ಗೆರೆ ಉಳಿದಿವೆ.

ಬೀದರ್‌ನಿಂದ:
ಅವು ಕರೆಂಟಿನ ಲೆಕ್ಕಕ್ಕೆ ಸಿಗುವುದಿಲ್ಲ. ಬೆಳಕು ಕಡಿಮೆ ಮಾಡಲು ಆ ಲೈಟುಗಳು ತಮ್ಮದೇ ವೇಗದಲ್ಲಿ ಆನ್ ಆಫ್ ಆಗುತ್ತಿರುತ್ತವೆ. ಡೆಕೋರೇಷನ್‌ನವರಿಗೆ ಬ್ರೈಟ್‌ನೆಸ್ ಪೂರ್ತಿ ಏರಿಸಲು ಹೇಳಿ, ಬಹಳಷ್ಟು ಸಲ ಅಷ್ಟಕ್ಕೇ ಗೆರೆ ಹೋಗುತ್ತವೆ. ಹೋಗದಿದ್ದರೆ ಶಟರ್ ಒಂದೊಂದೇ ಹೆಜ್ಜೆ ಬದಲಿಸುತ್ತಾ ಸ್ಕ್ರೀನ್ ನೋಡಿ. ಫೋಟೋಗೆ ಸೈಲೆಂಟ್ ಶಟರ್ (ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್) ಇಟ್ಟಿದ್ದರೆ ಅದನ್ನೂ ತೆಗೆದು ಮೆಕ್ಯಾನಿಕಲ್‌ಗೆ ಹಾಕಿ.