ಬೆಲ್ಟ್ ‘ಕೂಗ್ತದೆ’ ಅಂದರೆ ಸಾಕೆ? ಕೀರು, ಕಿಚಗುಟ್ಟು, ಗೊರಗುಟ್ಟು

ಪ್ರಶ್ನೆ: ಹಳೇ ಗಾಡಿಗಳ ಎಂಜಿನ್ ಬೆಲ್ಟಿನ ಸದ್ದಿಗೆ ಇಂಗ್ಲಿಷ್ ಕೈಪಿಡಿಗಳು ‘ಸ್ಕ್ವೀಲ್’, ‘ಚರ್ಪ್’ ಎಂದು ಎರಡು ಪದ ಬಳಸುತ್ತವೆ. ಶಿವಮೊಗ್ಗ, ತೀರ್ಥಹಳ್ಳಿ ಕಡೆ ಎರಡಕ್ಕೂ ‘ಬೆಲ್ಟ್ ಕೂಗ್ತದೆ’ ಅಥವಾ ಬರೀ ‘ಬೆಲ್ಟ್ ಸೌಂಡು’ ಅನ್ನುವುದೇ ರೂಢಿ. ಇವನ್ನು ಬೇರೆಮಾಡಿ ಹೇಳುವ ಕನ್ನಡ ಪದಗಳು ಇವೆಯೇ? ಬೇರೆಮಾಡುವ ಅಗತ್ಯವಾದರೂ ಇದೆಯೇ?

ಪದಗಳೂ ಇವೆ, ಅಗತ್ಯವೂ ಇದೆ. ಸದ್ದು ಬೇರೆಯಾದರೆ ಕಾರಣ ಬೇರೆ, ರಿಪೇರಿಯೂ ಬೇರೆ. ‘ಕೂಗ್ತದೆ’ ಎಂದು ಕೇಳಿದ ಕೂಡಲೇ ಬೆಲ್ಟ್ ಎಳೆದು ಬಿಗಿದರೆ ಸದ್ದೇನೋ ಅಡಗಬಹುದು, ಆದರೆ ಎಂಜಿನ್ ತಂಪಾಗಿಡಲು ನೀರು ಸುತ್ತಿಸುವ ವಾಟರ್ ಪಂಪಿನ ಬೇರಿಂಗ್ ಹೋದೀತು.

‘ಸ್ಕ್ವೀಲ್’ಗೆ ‘ಕೀರು’ ಒಪ್ಪುತ್ತದೆ. ‘ಕೀರಲು ದನಿ’ ಎಲ್ಲರ ಬಾಯಲ್ಲೂ ಇರುವ ಮಾತು. ಅದರದೇ ಕ್ರಿಯಾಪದವಾಗಿ ‘ಬೆಲ್ಟ್ ಕೀರುತ್ತದೆ’ ಎಂದರೆ ತೊಡಕಿಲ್ಲ. ಇದು ಉದ್ದಕ್ಕೆ ಎಳೆದ, ನಡುವೆ ಕಡಿಯದ ದನಿ. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ‘ಕೀ...’ ಎಂದು ಏಳುತ್ತದೆ, ಆಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಎರಡು ಮೂರು ನಿಮಿಷಕ್ಕೆ ಇಳಿಯುತ್ತದೆ. ಹೆಡ್‌ಲೈಟ್, ವೈಪರ್ ಹಾಕಿದರೆ ಮತ್ತೆ ಏಳುತ್ತದೆ. ಬೆಲ್ಟ್ ಪುಲ್ಲಿಯ (ಬೆಲ್ಟ್ ಸುತ್ತಿಕೊಂಡಿರುವ ಗಾಲಿಯ) ಮೇಲೆ ಜಾರುವ ಸದ್ದು ಇದು. ಸ್ಟಾರ್ಟ್ ಮಾಡಲು ಖರ್ಚಾದ ಬ್ಯಾಟರಿಯನ್ನು ತುಂಬಿಸಲು ಆಲ್ಟರ್ನೇಟರ್ ಜಾಸ್ತಿ ಕರೆಂಟ್ ಕೊಡಬೇಕಾಗುತ್ತದೆ, ಆಗ ಅದರ ಪುಲ್ಲಿ ತಿರುಗಲು ಭಾರವಾಗುತ್ತದೆ, ಸಡಿಲ ಬೆಲ್ಟಿನ ಹಿಡಿತ ತಪ್ಪುತ್ತದೆ. (ಆಲ್ಟರ್ನೇಟರಿಗೆ ನಮ್ಮಲ್ಲಿ ಈಗಲೂ ‘ಡೈನಮೋ’ ಎಂದೇ ಹೆಸರು. ಹಾಗೆಯೇ ‘ಫ್ಯಾನ್ ಬೆಲ್ಟ್’: ಮಾರುತಿ 800ರಲ್ಲಿ ರೇಡಿಯೇಟರ್ ಫ್ಯಾನಿಗೆ ಬೇರೆ ಮೋಟರ್ ಇದೆ, ಬೆಲ್ಟ್ ತಿರುಗಿಸುವುದು ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ. ಆದರೂ ಜೀಪು, ಅಂಬಾಸಿಡರ್ ಕಾಲದ ಹೆಸರೇ ಉಳಿದಿದೆ.)

‘ಚರ್ಪ್’ಗೆ ‘ಕಿಚಗುಟ್ಟು’. ಗುಬ್ಬಿಮರಿಯ ಹಾಗೆ ‘ಕಿಚ್ ಕಿಚ್ ಕಿಚ್’ ಎಂದು ತಾಳಕ್ಕೆ ಬರುವ ತುಂಡು ಸದ್ದು. ಎಂಜಿನ್ ನಿಧಾನವಾಗಿ ಓಡುವಾಗ ಎಣಿಸಬಹುದು, ವೇಗ ಏರಿದರೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲದೆ ಬೆಲ್ಟ್ ಓರೆಯಾಗಿ ಪುಲ್ಲಿಯ ಕೊರಕಲಿಗೆ ಇಳಿಯುವಾಗ ಹೀಗಾಗುತ್ತದೆ. ಆಲ್ಟರ್ನೇಟರ್ ಬದಲಿಸಿದಾಗ ಒಂದು ವಾಷರ್ ಬಿಟ್ಟುಹೋಗಿರುತ್ತದೆ, ಇಲ್ಲವೇ ಬ್ರ್ಯಾಕೆಟ್ಟಿನ ಬೋಲ್ಟ್ ಸಡಿಲವಾಗಿರುತ್ತದೆ. ಎಂಜಿನ್ ನಿಲ್ಲಿಸಿ, ಪುಲ್ಲಿಗಳ ಮುಖಕ್ಕೆ ನೇರವಾದ ಸ್ಟೀಲ್ ಪಟ್ಟಿ ಇಟ್ಟರೆ ಸಂದು ಕಣ್ಣಿಗೇ ಕಾಣುತ್ತದೆ.

ಭಾಷೆಯ ಕಡೆಯಿಂದ ನೋಡಿದರೆ ಈ ವ್ಯತ್ಯಾಸ ನಮ್ಮ ಅನುಕರಣಾವ್ಯಯಗಳಲ್ಲೇ ಅಡಕವಾಗಿದೆ. ‘ಕೀ ಅಂತು’, ‘ಕಿರ್ರೆಂದಿತು’ ಎನ್ನುವಲ್ಲಿ ಸದ್ದು ಒಂದೇ ಎಳೆ. ‘ಕಿಚಕಿಚ’, ‘ಟಕಟಕ’ ಎಂದು ಇಮ್ಮಡಿಯಾದಾಗ ಅಥವಾ ‘ಗುಟ್ಟು’ ಸೇರಿದಾಗ ಸದ್ದು ಮರುಕಳಿಸುತ್ತಿದೆ ಎಂದರ್ಥ. ಯಂತ್ರದಲ್ಲಿ ಮರುಕಳಿಸುವ ಸದ್ದು ಸಾಮಾನ್ಯವಾಗಿ ಯಾವುದೋ ಒಂದರ ಸುತ್ತಿಗೆ ಕಟ್ಟಿಕೊಂಡಿರುತ್ತದೆ. ಹಾಗಾಗಿ ‘ಏನಣ್ಣಾ, ಕೀ ಅಂತದೋ, ಕಿಚಕಿಚ ಅಂತದೋ?’ ಎಂದು ಮೆಕ್ಯಾನಿಕ್ ಕೇಳಿದರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯಿತು.

ಉಳಿದರ್ಧ ನೀರಿನದು. ಬೆಲ್ಟ್ ಒಣಗಿರುವಾಗ ಎಂಜಿನ್ ಐಡಲ್‌ನಲ್ಲಿಟ್ಟು, ಪುಲ್ಲಿಗೆ ತಾಗುವ ಒಳಮೈಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಸಿಂಪಡಿಸಿ. ಅಂಗಿಯ ತೋಳು, ಹೆಗಲ ಮೇಲಿನ ಟವೆಲ್ ದೂರವಿರಲಿ. ಇಗ್ನಿಷನ್ ಆನ್ ಇದ್ದರೆ ಎಲೆಕ್ಟ್ರಿಕ್ ಫ್ಯಾನ್ ತಾನಾಗಿಯೇ ತಿರುಗೀತು. ಸದ್ದು ಗಕ್ಕನೆ ನಿಂತು, ನೀರು ಆರಿದ ಮೇಲೆ ಮರಳಿದರೆ ಓರೆ. ನೀರು ಬಿದ್ದ ಕೂಡಲೇ ಜೋರಾದರೆ ಜಾರಿಕೆ. ಮಲೆನಾಡಿನಲ್ಲಿ ಮಳೆಯೇ ಈ ಪರೀಕ್ಷೆ ಮಾಡಿಕೊಡುತ್ತದೆ: ಮಳೆಯಲ್ಲಿ ಸುಮ್ಮನಿದ್ದು ಬಿಸಿಲಿಗೆ ಕಿಚಗುಟ್ಟುವ ಗಾಡಿಯ ಬೆಲ್ಟ್ ಬಿಗಿಯುವುದು ದಂಡ, ಪುಲ್ಲಿ ಸಾಲು ನೋಡಬೇಕು.

ಮೂರನೆಯದು ‘ಗೊರಗುಟ್ಟು’, ಗೊರಕೆಯ ಬಂಧು. ಇದು ಬೆಲ್ಟಿನದಲ್ಲ, ಬೇರಿಂಗಿನದು. ಬೆಲ್ಟ್ ಕಳಚಿ ಅರ್ಧ ನಿಮಿಷ ಮಾತ್ರ ಎಂಜಿನ್ ಓಡಿಸಿ (ವಾಟರ್ ಪಂಪ್ ತಿರುಗದಿರುವುದರಿಂದ ಹೆಚ್ಚು ಹೊತ್ತು ಬೇಡ). ಸದ್ದು ಹೋದರೆ ಎಂಜಿನ್ ನಿಲ್ಲಿಸಿ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಅತ್ತಿತ್ತ ಅಲುಗಿಸಿ. ಮರಳು ಸಿಕ್ಕಿದಂತೆ ಬೆರಳಿಗೆ ತಾಗುವುದೇ ಕೆಟ್ಟದ್ದು. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕೂಲೆಂಟ್ ಇಳಿದ ಕಲೆ ಇದ್ದರೆ ಪಂಪ್ ಬದಲಿಸುವ ಹೊತ್ತಾಗಿದೆ.

ಬಿಗಿಯ ಬಗ್ಗೆ ಒಂದು ಮಾತು. ‘ಟೈಟಾಗಿರಲಿ’ ಎನ್ನುವುದು ಅಳತೆಯಲ್ಲ. ಎರಡು ಪುಲ್ಲಿಗಳ ನಡುವಿನ ಉದ್ದ ಭಾಗದ ಮಧ್ಯದಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಹಳೇ ಗಾಡಿಗಳ ವಿ-ಬೆಲ್ಟ್ (ಅಡ್ಡಕೊಯ್ದರೆ ‘V’ ಆಕಾರ ಕಾಣುವ ಬೆಲ್ಟ್) ಸುಮಾರು 10 ಮಿ.ಮೀ. ಜಗ್ಗಬೇಕು, ಆಯಾ ಗಾಡಿಯ ಕೈಪಿಡಿಯ ಅಳತೆಯೇ ಕೊನೆಯದು. ‘ಜಗ್ಗು’ ಇಲ್ಲಿ ಎಷ್ಟು ಸರಿಯಾದ ಪದ! ‘ಸಡಿಲ’ವೆಂದರೆ ದೋಷ, ‘ಜಗ್ಗು’ ಎಂದರೆ ಇರಬೇಕಾದ ಬಳುಕು. ಬೆಲ್ಟ್ ಬಿಗಿಯಲು ಆಲ್ಟರ್ನೇಟರನ್ನು ಮೀಟುವಾಗ ಮರದ ತುಂಡನ್ನು ಅದರ ಪುಲ್ಲಿ ಕಡೆಯ ಗಟ್ಟಿ ಭಾಗಕ್ಕೆ ಕೊಡಿ, ಹಿಂದಿನ ಅಲ್ಯೂಮಿನಿಯಂ ಮುಚ್ಚಳಕ್ಕಲ್ಲ. ಹೊಸ ಬೆಲ್ಟ್ ಹಾಕಿದರೆ 200–300 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಒತ್ತಿ ನೋಡಿ.

ಬಿಗಿದರೂ ಕೀರುವ ಬೆಲ್ಟನ್ನು ತಿರುಗಿಸಿ ಪಕ್ಕೆಗಳನ್ನು ನೋಡಿ. ವಿ-ಬೆಲ್ಟಿನ ಹಿಡಿತ ಇರುವುದು ಪಕ್ಕೆಗಳಲ್ಲಿ, ತಳದಲ್ಲಲ್ಲ. ಪಕ್ಕೆ ಗಾಜಿನಂತೆ ಹೊಳೆಯುತ್ತಿದ್ದರೆ ರಬ್ಬರ್ ಸುಟ್ಟು ಗಟ್ಟಿಯಾಗಿದೆ. ಕೊರಕಲಿನ ತಳವೇ ಹೊಳೆಯುತ್ತಿದ್ದರೆ ಬೆಲ್ಟ್ ಸವೆದು ತಳಕ್ಕೆ ಕೂತಿದೆ, ಇಲ್ಲವೇ 13 ಮಿ.ಮೀ. ಅಗಲದ್ದರ ಜಾಗಕ್ಕೆ 10ರದ್ದನ್ನು ಹಾಕಿದ್ದಾರೆ. ಎಷ್ಟು ಎಳೆದರೂ ಅದು ಹಿಡಿಯುವುದಿಲ್ಲ. ಸೋಪು, ಗ್ರೀಸು ಸವರುವುದು ಖಂಡಿತ ಬೇಡ. ನಮ್ಮ ಕೆಂಪು ಧೂಳು ಅದಕ್ಕೆ ಮೆತ್ತಿಕೊಂಡು ಉಪ್ಪುಕಾಗದದಂತೆ ಪುಲ್ಲಿಯನ್ನು ಸವೆಸುತ್ತದೆ. ಎಣ್ಣೆ ಸೋರಿ ಬೆಲ್ಟಿಗೆ ತಾಗಿದ್ದರೆ ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಹೊಸ ಬೆಲ್ಟ್. ಸೋಮೇಶ್ವರದಿಂದ ಆಗುಂಬೆ ಘಾಟಿ ಏರುವಾಗ ಜಾರುವ ಬೆಲ್ಟ್ ಎಂದರೆ ವಾಟರ್ ಪಂಪೂ ಸರಿಯಾಗಿ ತಿರುಗುತ್ತಿಲ್ಲ ಎಂದೇ. 14 ತಿರುವು ಮುಗಿಯುವುದರೊಳಗೆ ಎಂಜಿನ್ ಕಾದೀತು.

ಇನ್ನೊಂದು ಪದಕ್ಕೆ ನೆರವು ಬೇಕು. ಬೆಲ್ಟಿನ ಪಕ್ಕೆಗೆ ಹತ್ತುವ ಆ ಕೆಟ್ಟ ಹೊಳಪಿಗೆ ‘ಗ್ಲೇಜ್’ ಎನ್ನುತ್ತಾರೆ. ‘ಮೆರುಗು’, ‘ಹೊಳಪು’ ಎಂದರೆ ಒಳ್ಳೆಯದೆಂಬ ಧ್ವನಿ ಬರುತ್ತದೆ. ಸಾಗರ, ಸೊರಬ, ಹೊಸನಗರದ ಕಡೆ ಅಕ್ಕಿ ಗಿರಣಿಯಲ್ಲೋ ಅಡಿಕೆ ಸುಲಿಯುವ ಯಂತ್ರದ ಹತ್ತಿರವೋ ಜಾರಿ ಜಾರಿ ಹೊಳೆಯುವ ಬೆಲ್ಟಿಗೆ ಬೇರೆ ಮಾತು ಇದ್ದರೆ, ಅದನ್ನು ಬಳಸುವ ಪೂರ್ತಿ ವಾಕ್ಯದ ಜೊತೆಗೆ ತಿಳಿಸಿ.